ಮಾಡೆಲ್ ಶೀಟಿನಿಂದ ಟೈಟಲ್ ಕಾರ್ಡಿಗೆ: ‘ಬಗ್ಸ್ ಬನ್ನಿ’ ನಾಮಕರಣದ ಒಂದು ಪ್ರಕರಣ ಅಧ್ಯಯನ

1940ರ ಜುಲೈ 27ರಂದು ಅಮೆರಿಕದಲ್ಲಿ ‘ಎ ವೈಲ್ಡ್ ಹೇರ್’ ಎಂಬ ಎಂಟು ನಿಮಿಷಗಳ ಕಾರ್ಟೂನ್ ಚಿತ್ರ ಬಿಡುಗಡೆಯಾಯಿತು. ಬಿಲದಿಂದ ಹೊರಬಂದು, ಕ್ಯಾರೆಟ್ ಕಡಿಯುತ್ತಾ, ತನ್ನನ್ನು ಬೇಟೆಯಾಡಲು ಬಂದವನನ್ನೇ ‘ಏನು ಸಮಾಚಾರ, ಡಾಕ್ಟ್ರೇ?’ ಎಂಬ ಧಾಟಿಯಲ್ಲಿ ಮಾತನಾಡಿಸಿದ ಬೂದು ಬಣ್ಣದ ಆ ಮೊಲವನ್ನೇ ನಾವು ಇಂದು ಬಗ್ಸ್ ಬನ್ನಿ ಎಂದು ಕರೆಯುತ್ತೇವೆ. ವಾರ್ನರ್ ಬ್ರದರ್ಸ್ ಸಂಸ್ಥೆಯೂ ಅದೇ ದಿನವನ್ನು ಅದರ ಜನ್ಮದಿನವೆಂದು ಲೆಕ್ಕ ಹಾಕುತ್ತದೆ. ಆದರೆ ಆ ಚಿತ್ರದಲ್ಲಿ ಯಾರೂ ಮೊಲವನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಬಗ್ಸ್ ಬನ್ನಿ’ ಎಂಬ ಹೆಸರು ತೆರೆಯ ಮೇಲೆ ಮೊದಲು ಮೂಡಿದ್ದು 1941ರ ಜನವರಿ 4ರಂದು ಬಿಡುಗಡೆಯಾದ, ಬೇರೊಬ್ಬ ನಿರ್ದೇಶಕರ ‘ಎಲ್ಮರ್ಸ್ ಪೆಟ್ ರ್‍ಯಾಬಿಟ್’ ಚಿತ್ರದ ಟೈಟಲ್ ಕಾರ್ಡಿನಲ್ಲಿ. ವಿಚಿತ್ರವೆಂದರೆ, ಅದೇ ಹೆಸರು ಅದಕ್ಕೂ ಮೊದಲೇ, ನೋಡಲು ಇದಕ್ಕಿಂತ ತೀರ ಬೇರೆಯಾದ ಇನ್ನೊಂದು ಮೊಲದ ನಕ್ಷೆಯ ಹಾಳೆಯ ಮೇಲೆ ಬರೆದಾಗಿತ್ತು. ಯಾರ ಅಡ್ಡಹೆಸರು ಈ ಪಾತ್ರಕ್ಕೆ ಅಂಟಿಕೊಂಡಿತೋ ಅವರು 1940ರ ಮೊಲವನ್ನು ರೂಪಿಸಿದವರಲ್ಲ. ಅದನ್ನು ರೂಪಿಸಿದವರು ಬಯಸಿದ್ದು ಬೇರೆಯೇ ಹೆಸರನ್ನು. ಹೀಗೇಕಾಯಿತು ಎಂಬುದನ್ನು ಕಾಲಕ್ರಮದಲ್ಲಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ಸ್ಟುಡಿಯೊ ನಡೆಯುತ್ತಿದ್ದ ರೀತಿ

ಆ ಕಾಲದಲ್ಲಿ ‘ಲೂನಿ ಟ್ಯೂನ್ಸ್’ ಮತ್ತು ‘ಮೆರ್ರಿ ಮೆಲಡೀಸ್’ ಮಾಲಿಕೆಗಳನ್ನು ವಾರ್ನರ್ ಬ್ರದರ್ಸ್ ತಾನೇ ತಯಾರಿಸುತ್ತಿರಲಿಲ್ಲ. ಲಿಯಾನ್ ಶ್ಲೆಸಿಂಗರ್ ಎಂಬ ನಿರ್ಮಾಪಕರು ಹಾಲಿವುಡ್‌ನಲ್ಲಿ ಸ್ವಂತ ಸಂಸ್ಥೆ ನಡೆಸಿ, ಚಿತ್ರಗಳನ್ನು ತಯಾರಿಸಿ ವಾರ್ನರ್‌ಗೆ ಒದಗಿಸುತ್ತಿದ್ದರು. 1944ರಲ್ಲಿ ಅವರು ಆ ಸಂಸ್ಥೆಯನ್ನು ವಾರ್ನರ್‌ಗೇ ಮಾರಿದರು. ಕೆಲಸವೆಲ್ಲ ಯೂನಿಟ್‌ಗಳಲ್ಲಿ ನಡೆಯುತ್ತಿತ್ತು. ಒಬ್ಬೊಬ್ಬ ನಿರ್ದೇಶಕರಿಗೂ ತಮ್ಮದೇ ಅನಿಮೇಟರುಗಳ ತಂಡವಿರುತ್ತಿತ್ತು, ಪಾತ್ರಗಳನ್ನು ಮಾತ್ರ ಒಂದು ಯೂನಿಟ್‌ನಿಂದ ಇನ್ನೊಂದು ಯೂನಿಟ್ ಧಾರಾಳವಾಗಿ ಎತ್ತಿಕೊಳ್ಳುತ್ತಿತ್ತು. ಒಬ್ಬರು ಹುಟ್ಟುಹಾಕಿದ ಹಂದಿಯನ್ನೋ ಬಾತುಕೋಳಿಯನ್ನೋ ಮುಂದಿನ ತಿಂಗಳು ಮತ್ತೊಬ್ಬರು ಬಳಸಿದರೆ ಅದು ಕಳ್ಳತನ ಎನಿಸುತ್ತಿರಲಿಲ್ಲ, ಏಕೆಂದರೆ ಪಾತ್ರಗಳೆಲ್ಲ ಸಂಸ್ಥೆಯ ಸೊತ್ತು.

ಹೀಗೆ ಹತ್ತಾರು ಕೈಗಳು ಒಂದೇ ಪಾತ್ರವನ್ನು ಬರೆಯುವಾಗ ಮೂತಿ, ಕಿವಿ, ಹೊಟ್ಟೆಗಳ ಅಳತೆ ಎಲ್ಲರಲ್ಲೂ ಒಂದೇ ಆಗಿರಬೇಕು. ಅದಕ್ಕಾಗಿ ತಯಾರಾಗುತ್ತಿದ್ದುದೇ ಮಾಡೆಲ್ ಶೀಟ್. ಒಂದೇ ದೊಡ್ಡ ಹಾಳೆಯ ಮೇಲೆ ಪಾತ್ರ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ, ಓಡುವಾಗ ಕಿವಿ ಎತ್ತ ವಾಲುತ್ತದೆ, ನಕ್ಕಾಗ ಹಲ್ಲು ಎಷ್ಟು ಕಾಣುತ್ತದೆ ಎಂಬುದನ್ನೆಲ್ಲ ಬರೆದು, ಅದರ ಪ್ರತಿಗಳನ್ನು ಅನಿಮೇಟರುಗಳಿಗೆ ಹಂಚುತ್ತಿದ್ದರು. ಇದು ಒಳಬಳಕೆಯ ಕಾಗದ. ಪ್ರೇಕ್ಷಕರು ಅದನ್ನು ನೋಡುವ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಅದರ ಮೇಲೆ ಬರೆಯುವ ಹೆಸರನ್ನು ಯಾರೂ ಅಳೆದು ತೂಗಿ ಬರೆಯುತ್ತಿರಲಿಲ್ಲ. ನಮ್ಮ ಪ್ರಕರಣದ ಮುಖ್ಯ ದಾಖಲೆ ಇಂಥದ್ದೇ ಒಂದು ಹಾಳೆ.

ಹಾರ್ಡವೇ, ಮತ್ತು ಮೊದಲ ಮೊಲ

ಜೋಸೆಫ್ ಬೆನ್ಸನ್ ಹಾರ್ಡವೇ ಮಿಸೌರಿ ರಾಜ್ಯದವರು. ಮೊದಲ ಮಹಾಯುದ್ಧದಲ್ಲಿ ಅವರು ಸೇವೆ ಸಲ್ಲಿಸಿದ ಫಿರಂಗಿ ದಳದ ನಾಯಕ, ಮುಂದೆ ಅಮೆರಿಕದ ಅಧ್ಯಕ್ಷರಾದ ಹ್ಯಾರಿ ಟ್ರೂಮನ್. ಕಾರ್ಟೂನ್ ಲೋಕಕ್ಕೆ ಬಂದ ಮೇಲೆ ಹಾರ್ಡವೇ ಹಾಸ್ಯಪ್ರಸಂಗಗಳನ್ನು ಹೆಣೆಯುವ ಕೆಲಸದಲ್ಲಿ ಹೆಸರು ಮಾಡಿದರು. ಅವರ ಅಡ್ಡಹೆಸರು ‘ಬಗ್ಸ್’. ಆಗಿನ ಅಮೆರಿಕದ ಆಡುಮಾತಿನಲ್ಲಿ ಈ ಪದಕ್ಕೆ ತಲೆತಿರುಕ, ಅರೆಮರುಳ ಎಂಬ ಅರ್ಥವಿತ್ತು. ಷಿಕಾಗೊದ ಕುಖ್ಯಾತ ಪಾತಕಿ ಬಗ್ಸ್ ಮೊರಾನ್‌ಗೂ ಇದೇ ಅಡ್ಡಹೆಸರು ಇದ್ದುದನ್ನು ಗಮನಿಸಿದರೆ ಆ ಕಾಲದ ಕಿವಿಗೆ ಅದು ಎಷ್ಟು ಪರಿಚಿತವಾಗಿತ್ತೆಂಬುದು ತಿಳಿಯುತ್ತದೆ. ‘ಬಗ್ಸ್’ ಎಂದರೆ ಕೀಟಗಳು ಎಂದಷ್ಟೇ ಬಲ್ಲ ಇಂದಿನ ಓದುಗನಿಗೆ ಮೊಲಕ್ಕೂ ಹುಳಕ್ಕೂ ಏನು ನಂಟು ಎಂಬ ಗೊಂದಲ ಹುಟ್ಟುವುದು ಸಹಜ. 1990ರ ದಶಕದಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯ ಮೂಲಕ ಈ ಮೊಲವನ್ನು ಮೊದಲು ಕಂಡ ನಮ್ಮಲ್ಲಿ ಅನೇಕರಿಗೆ ಆ ಗೊಂದಲವೂ ಹುಟ್ಟಿರಲಾರದು. ಹೆಸರು ಬರೀ ಒಂದು ಸದ್ದಾಗಿ ಕಿವಿಗೆ ಬಿದ್ದಿತ್ತು, ಅಷ್ಟೆ.

1937ರಲ್ಲಿ ಶ್ಲೆಸಿಂಗರ್ ಅವರ ಹಿರಿಯ ನಿರ್ದೇಶಕ ಫ್ರಿಜ್ ಫ್ರೀಲೆಂಗ್ ಎಂಜಿಎಂ ಸ್ಟುಡಿಯೊಗೆ ಹೋದರು. ತೆರವಾದ ಜಾಗದಲ್ಲಿ ಹಾರ್ಡವೇ ಮತ್ತು ಕಾಲ್ ಡಾಲ್ಟನ್ ಜೋಡಿಗೆ ನಿರ್ದೇಶನದ ಹೊಣೆ ಬಂತು. 1938ರ ಏಪ್ರಿಲ್ 30ರಂದು ಬಿಡುಗಡೆಯಾದ ‘ಪೋರ್ಕೀಸ್ ಹೇರ್ ಹಂಟ್’ ಆ ಅವಧಿಯ ಚಿತ್ರ. ಅದರ ಹಿಂದಿನ ವರ್ಷ ಅದೇ ಸ್ಟುಡಿಯೊದ ಇನ್ನೊಬ್ಬ ನಿರ್ದೇಶಕ, ಮುಂದೆ ‘ಎ ವೈಲ್ಡ್ ಹೇರ್’ ಮಾಡಿದ ಟೆಕ್ಸ್ ಏವರಿ, ‘ಪೋರ್ಕೀಸ್ ಡಕ್ ಹಂಟ್’ ಮಾಡಿ, ಬೇಟೆಗಾರನ ನೆಮ್ಮದಿ ಕೆಡಿಸುವ ಹುಚ್ಚು ಬಾತುಕೋಳಿಯನ್ನು, ಎಂದರೆ ಡ್ಯಾಫಿಯನ್ನು, ತಂದಿದ್ದರು. ಹಾರ್ಡವೇ ಅದೇ ಅಚ್ಚಿನಲ್ಲಿ ಬಾತುಕೋಳಿಯ ಜಾಗಕ್ಕೆ ಮೊಲವನ್ನು ಕೂರಿಸಿದರು. ಅದು ಪುಟ್ಟ ಬಿಳಿ ಮೊಲ. ಒಂದು ಕಡೆ ನಿಲ್ಲದೆ ಪುಟಿಯುತ್ತದೆ, ಕಿವಿಗಳನ್ನು ಗಿರಗಿರನೆ ತಿರುಗಿಸಿ ಗಾಳಿಯಲ್ಲಿ ಹಾರುತ್ತದೆ, ಮಾತಿಗೊಮ್ಮೆ ಮೆಲ್ ಬ್ಲಾಂಕ್ ಅವರ ದನಿಯಲ್ಲಿ ಗೊಗ್ಗರು ನಗೆ ನಗುತ್ತದೆ. ಮುಂದಿನ ಬಗ್ಸ್ ಬನ್ನಿಯ ನಿಧಾನವಾಗಲಿ ಉಡಾಫೆಯಾಗಲಿ ಅದರಲ್ಲಿಲ್ಲ. ಅದಕ್ಕೆ ಹೆಸರೂ ಇಲ್ಲ.

ಹಾಳೆಯ ಮೇಲಿನ ಎರಡು ಪದಗಳು

ಬಿಳಿ ಮೊಲ ಪ್ರೇಕ್ಷಕರಿಗೆ ಹಿಡಿಸಿದ್ದರಿಂದ ಅದನ್ನು ಮತ್ತೆ ತರುವ ಯೋಚನೆ ಮೂಡಿತು. ಈ ಬಾರಿ ರೂಪವನ್ನು ತಿದ್ದುವ ಕೆಲಸ ಚಾರ್ಲಿ ಥಾರ್ಸನ್ ಅವರ ಪಾಲಿಗೆ ಬಂತು. ಥಾರ್ಸನ್ ಕೆನಡಾದ ಮ್ಯಾನಿಟೋಬಾ ಪ್ರಾಂತದವರು, ಐಸ್‌ಲ್ಯಾಂಡ್ ಮೂಲದ ಕುಟುಂಬದವರು. ಡಿಸ್ನಿ ಸ್ಟುಡಿಯೊದಲ್ಲಿ ಕೆಲಸ ಮಾಡಿ ಬಂದಿದ್ದ ಅವರ ಕೈಯಲ್ಲಿ ಗುಂಡು ಕೆನ್ನೆಯ, ಮುದ್ದು ಮುಖದ ಪ್ರಾಣಿಗಳು ಸಲೀಸಾಗಿ ಮೂಡುತ್ತಿದ್ದವು. ‘ಹೇರ್-ಅಮ್ ಸ್ಕೇರ್-ಅಮ್’ ಚಿತ್ರಕ್ಕಾಗಿ ಅವರು ಬಿಳಿ ಮೊಲವನ್ನು ಬೂದು ಬಣ್ಣಕ್ಕೆ ತಂದರು, ಮೂತಿ ಮತ್ತು ಹೊಟ್ಟೆಯ ಭಾಗವನ್ನು ಬಿಳಿಯಾಗಿಯೇ ಉಳಿಸಿದರು, ಮುಂದಿನ ಹಲ್ಲುಗಳನ್ನು ಎದ್ದು ಕಾಣುವಂತೆ ಮಾಡಿದರು. ಈ ಚಿತ್ರ 1939ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು.

ಥಾರ್ಸನ್ ತಯಾರಿಸಿದ ಮಾಡೆಲ್ ಶೀಟಿನ ಮೇಲೆ, ಇದು ಯಾರಿಗಾಗಿ ಬರೆದದ್ದು ಎಂಬುದನ್ನು ತಿಳಿಸಲು, ‘ಬಗ್ಸ್‌ನ ಬನ್ನಿ’ ಎಂಬ ಅರ್ಥ ಬರುವ ಬರಹವಿದೆ. ಎಂದರೆ ಬಗ್ಸ್ ಹಾರ್ಡವೇ ಕೇಳಿದ ಮೊಲದ ನಕ್ಷೆ. ಇಂಗ್ಲಿಷಿನಲ್ಲಿ ಷಷ್ಠೀ ವಿಭಕ್ತಿಯ ಸಂಬಂಧವನ್ನು ತೋರಿಸಲು ಪದದ ತುದಿಗೆ ಒಂದು ಸಣ್ಣ ಕೊಂಡಿಯಂಥ ಗುರುತು ಹಾಕಿದರೆ ಸಾಕು. ‘ಬಗ್ಸ್’ ಪದವೇ ‘ಸ್’ಕಾರದಲ್ಲಿ ಮುಗಿಯುವುದರಿಂದ ಆ ಗುರುತು ಇದ್ದರೂ ಬಿದ್ದುಹೋದರೂ ಉಚ್ಚಾರಣೆಯಲ್ಲಿ ಹೆಚ್ಚು ವ್ಯತ್ಯಾಸವಾಗದು. ಕನ್ನಡದಲ್ಲಾಗಿದ್ದರೆ ‘ನ’ ಪ್ರತ್ಯಯ ಹೀಗೆ ಸದ್ದಿಲ್ಲದೆ ಕಳಚಿಕೊಳ್ಳುತ್ತಿರಲಿಲ್ಲ. ಈ ವ್ಯಾಕರಣದ ಎಳೆ ಸಣ್ಣದಾಗಿ ಕಂಡರೂ ಇಡೀ ಪ್ರಕರಣ ಅದರ ಮೇಲೆಯೇ ನಿಂತಿದೆ. ಗುರುತು ಇರುವಷ್ಟು ಕಾಲ ಅದು ಒಬ್ಬ ನಿರ್ದೇಶಕರ ಮೊಲ. ಗುರುತು ಬಿದ್ದಮೇಲೆ ಅದು ‘ತಲೆತಿರುಕ ಮೊಲ’ ಎಂಬ ಅರ್ಥದ, ಪಾತ್ರದ ಸ್ವಭಾವಕ್ಕೆ ತಕ್ಕುದಾದ ನಾಮಪದ. ಮೊಲಕ್ಕೆ ಬಳಸುವ ಇಂಗ್ಲಿಷಿನ ಮೂರ್ನಾಲ್ಕು ಪದಗಳಲ್ಲಿ ‘ಬನ್ನಿ’ ಮಕ್ಕಳ ಬಾಯಿಯ ಮುದ್ದು ಪದ. ಪಾತಕಿಗಳಿಗೂ ಅರೆಮರುಳರಿಗೂ ಸಲ್ಲುವ ಮಾತಿನ ಪಕ್ಕದಲ್ಲಿ ಈ ಮುದ್ದು ಪದ ಬಂದು ಕೂತದ್ದರಿಂದ, ಅಲ್ಲಿ ಯಾರೂ ಉದ್ದೇಶಿಸದ ಒಂದು ಹಾಸ್ಯ ತಾನಾಗಿ ಹುಟ್ಟಿತು. ಎರಡೂ ಪದಗಳು ಒಂದೇ ಅಕ್ಷರದಿಂದ ಆರಂಭವಾಗುವುದು ಇನ್ನೊಂದು ಅನುಕೂಲ. ಪೋರ್ಕಿ ಪಿಗ್, ಮಿಕ್ಕಿ ಮೌಸ್, ಡೊನಾಲ್ಡ್ ಡಕ್ ಎಂಬ ಪ್ರಾಸದ ಹೆಸರುಗಳಿಗೆ ಒಗ್ಗಿಹೋಗಿದ್ದ ಕಾಲದಲ್ಲಿ ಇದು ಅಪರಿಚಿತವೆನಿಸಲಿಲ್ಲ.

ಈ ಹಂತದಲ್ಲಿ ನಡೆದ ಒಂದು ಆಡಳಿತದ ಬದಲಾವಣೆಗೆ, ನನ್ನ ದೃಷ್ಟಿಯಲ್ಲಿ, ಸಿಗಬೇಕಾದಷ್ಟು ಮಹತ್ವ ಸಿಕ್ಕಿಲ್ಲ. 1939ರಲ್ಲಿ ಫ್ರೀಲೆಂಗ್ ಎಂಜಿಎಂ ಬಿಟ್ಟು ಶ್ಲೆಸಿಂಗರ್ ಬಳಿಗೆ ಮರಳಿದರು. ಹಾರ್ಡವೇ ಮತ್ತು ಡಾಲ್ಟನ್ ನಿರ್ದೇಶನದ ಸ್ಥಾನ ಬಿಟ್ಟುಕೊಟ್ಟು ತಮ್ಮ ಹಿಂದಿನ ಕೆಲಸಗಳಿಗೆ ಹಿಂದಿರುಗಬೇಕಾಯಿತು. ಥಾರ್ಸನ್ ಕೂಡ ಬಹುಕಾಲ ಅಲ್ಲಿ ಉಳಿಯಲಿಲ್ಲ. ಹಾರ್ಡವೇ ಆಗಲೂ ನಿರ್ದೇಶಕರಾಗಿಯೇ ಮುಂದುವರಿದಿದ್ದರೆ ತಮ್ಮ ಮೊಲಕ್ಕೆ ಅವರೇ ಏನಾದರೊಂದು ಹೆಸರಿಟ್ಟು ತೆರೆಗೆ ತರುತ್ತಿದ್ದರೇನೋ, ತಮ್ಮ ಅಡ್ಡಹೆಸರನ್ನೇ ಇಟ್ಟುಕೊಳ್ಳಲು ಮುಜುಗರಪಡುತ್ತಿದ್ದರೂ ಆಶ್ಚರ್ಯವಿಲ್ಲ. ಆದದ್ದೇನೆಂದರೆ ಒಡೆಯ ಪಕ್ಕಕ್ಕೆ ಸರಿದ, ಹಾಳೆಯ ಮೇಲಿನ ಬರಹ ಉಳಿಯಿತು. ಯಾರ ಮೊಲವೂ ಅಲ್ಲದ ಮೊಲವನ್ನು ಗುರುತಿಸಲು ಸ್ಟುಡಿಯೊದವರ ಬಳಿ ಇದ್ದದ್ದು ಆ ಎರಡು ಪದಗಳು ಮಾತ್ರ.

ಏವರಿಯ ಮೊಲ, ಶ್ಲೆಸಿಂಗರ್‌ ತೀರ್ಮಾನ

ನಡುವೆ ಅದೇ ಸ್ಟುಡಿಯೊದ ಮತ್ತೊಬ್ಬ ನಿರ್ದೇಶಕ ಚಕ್ ಜೋನ್ಸ್ ಎರಡು ಬಾರಿ ಮೊಲದ ಮೇಲೆ ಕೈಯಾಡಿಸಿದರು. 1939ರ ಮಾರ್ಚ್‌ನ ‘ಪ್ರೆಸ್ಟೊ ಚೇಂಜೊ’ದಲ್ಲಿ ಅದು ಜಾದೂಗಾರನ ಮನೆಯ ಮಾತಿಲ್ಲದ ಮೊಲ, 1940ರ ಮಾರ್ಚ್‌ನ ‘ಎಲ್ಮರ್ಸ್ ಕ್ಯಾಂಡಿಡ್ ಕ್ಯಾಮೆರಾ’ದಲ್ಲಿ ಫೋಟೊ ತೆಗೆಯಲು ಕಾಡಿಗೆ ಬಂದ ಎಲ್ಮರ್‌ನನ್ನು ಗೋಳಾಡಿಸುವ ಮೊಲ. ಎರಡರಲ್ಲೂ ಹೆಸರಿನ ಸುದ್ದಿಯಿಲ್ಲ.

ಏವರಿ ಕೈಗೆತ್ತಿಕೊಂಡಾಗ ಮಾಡಿದ ಮೊದಲ ಕೆಲಸ ಥಾರ್ಸನ್‌ರ ನಕ್ಷೆಯನ್ನು ಬದಿಗಿಟ್ಟದ್ದು. ಅದು ಅವರಿಗೆ ಬೇಕಾದುದಕ್ಕಿಂತ ಹೆಚ್ಚು ಮುದ್ದಾಗಿತ್ತು. ಬಾಬ್ ಗಿವೆನ್ಸ್ ಹೊಸ ಮಾಡೆಲ್ ಶೀಟ್ ಬರೆದರು. ಮೊಲ ಎತ್ತರವಾಯಿತು, ತೆಳ್ಳಗಾಯಿತು, ತಲೆ ಅಂಡಾಕಾರಕ್ಕೆ ತಿರುಗಿತು. ಸ್ವಭಾವದ ಬದಲಾವಣೆ ಇನ್ನೂ ದೊಡ್ಡದು. ‘ಎ ವೈಲ್ಡ್ ಹೇರ್’ನಲ್ಲಿ ಬೇಟೆಗಾರ ಎಲ್ಮರ್ ತುದಿಗಾಲಲ್ಲಿ ಬಂದು ಬಿಲದ ಬಾಯಿಗೆ ಕ್ಯಾರೆಟ್ ಇಟ್ಟು ಮರೆಗೆ ಸರಿಯುತ್ತಾನೆ. ಬಿಲದೊಳಗಿಂದ ಒಂದು ಕೈ ಮಾತ್ರ ಹೊರಬರುತ್ತದೆ, ಬೆರಳುಗಳು ನೆಲವನ್ನು ತಡವಿ ಕ್ಯಾರೆಟ್ ಹುಡುಕಿ ಒಳಗೆಳೆದುಕೊಳ್ಳುತ್ತವೆ. ಪ್ರೇಕ್ಷಕರಿಗೆ ಮೊಲದ ಮುಖಕ್ಕೂ ಮೊದಲು ಪರಿಚಯವಾಗುವುದು ಅದರ ಈ ಆತುರವಿಲ್ಲದ ಕೈ. 1938ರ ಮೊಲ ಹುಚ್ಚಾಟದಿಂದ ಬೇಟೆಗಾರನನ್ನು ಸುಸ್ತು ಮಾಡುತ್ತಿತ್ತು. ಇದು ಬಂದೂಕಿನ ಎದುರು ನಿಂತು ಕುಶಲ ವಿಚಾರಿಸಿ ಅವನನ್ನು ತಬ್ಬಿಬ್ಬು ಮಾಡುತ್ತದೆ. ಅದು ಎದುರಿನವನನ್ನು ‘ಡಾಕ್’ ಎನ್ನುವುದು ಏವರಿ ತಮ್ಮ ಟೆಕ್ಸಾಸ್‌ನ ಶಾಲಾದಿನಗಳಿಂದ ತಂದ ವಾಡಿಕೆ. ಅಲ್ಲಿ ಯಾರನ್ನು ಬೇಕಾದರೂ ಹಾಗೆ ಕರೆಯುತ್ತಿದ್ದರೆಂದು ಅವರೇ ಹೇಳಿದ್ದರು.

ಚಿತ್ರ ಗೆದ್ದಿತು, ಆಸ್ಕರ್ ನಾಮನಿರ್ದೇಶನವೂ ದೊರೆಯಿತು. ಮೊಲದ ಚಿತ್ರಗಳು ಮುಂದೆಯೂ ಬರಬೇಕೆಂದಾದಾಗ ಹೆಸರಿನ ಅಗತ್ಯ ಎದುರಾಯಿತು. ಏವರಿ ಬಯಸಿದ ಹೆಸರು ‘ಜ್ಯಾಕ್ ಇ. ರ್‍ಯಾಬಿಟ್’. ಅಮೆರಿಕದ ಬಯಲುಸೀಮೆಯ ಉದ್ದಕಿವಿಯ ಕಾಡುಮೊಲಕ್ಕೆ ಇರುವ ಹೆಸರನ್ನೇ ಮನುಷ್ಯರ ಹೆಸರಿನಂತೆ ಒಡೆದು ಬರೆದದ್ದದು. ಚಮತ್ಕಾರವೇನೋ ಇದೆ, ಆದರೆ ಓದಿದಾಗ ಹೊಳೆಯುವಷ್ಟು ಅದು ಕೇಳಿದಾಗ ಹೊಳೆಯುವುದಿಲ್ಲ. ‘ಬನ್ನಿ’ ಎಂಬ ಪದ ಏವರಿಗೆ ರುಚಿಸಲಿಲ್ಲವೆಂಬ ಮಾತು ಸ್ಟುಡಿಯೊದವರ ನೆನಪುಗಳಲ್ಲಿ ಬರುತ್ತದೆ, ಅದು ನಂಬುವಂಥದ್ದೇ. ಮುದ್ದುತನವನ್ನು ಕಿತ್ತುಹಾಕಿ ಕಟ್ಟಿದ ಪಾತ್ರಕ್ಕೆ ಮುದ್ದಿನ ಹೆಸರು ಯಾರಿಗೆ ತಾನೇ ಹಿಡಿಸೀತು? ಆದರೆ ತೀರ್ಮಾನ ನಿರ್ಮಾಪಕರದು. ಶ್ಲೆಸಿಂಗರ್ ಒಪ್ಪಿದ್ದು ‘ಬಗ್ಸ್ ಬನ್ನಿ’ಯನ್ನು. ಕೂಸು ಹುಟ್ಟುವ ಮುನ್ನವೇ ಹೊಲಿದಿಟ್ಟಿದ್ದ ಕುಲಾವಿ ಹೀಗೆ ಬೇರೊಂದು ಕೂಸಿನ ತಲೆಗೆ ಸರಿಹೊಂದಿತು.

ಹೆಸರು ಮೊದಲು ಕಾಣಿಸಿಕೊಂಡ ‘ಎಲ್ಮರ್ಸ್ ಪೆಟ್ ರ್‍ಯಾಬಿಟ್’ ಏವರಿಯದಲ್ಲ, ಜೋನ್ಸ್ ನಿರ್ದೇಶನದ್ದು. ಅದರ ಮೊಲದ ದನಿ, ನಡತೆಗಳು ಏವರಿಯ ಮೊಲಕ್ಕಿಂತ ಬೇರೆಯಾಗಿವೆ. ಏವರಿ ಬಗ್ಸ್ ಬನ್ನಿಯ ಚಿತ್ರಗಳನ್ನು ನಿರ್ದೇಶಿಸಿದ್ದು ಒಟ್ಟು ನಾಲ್ಕೇ ನಾಲ್ಕು. ಅವುಗಳಲ್ಲಿ ಎರಡನೆಯದಾದ, 1941ರ ‘ಟಾರ್ಟಸ್ ಬೀಟ್ಸ್ ಹೇರ್’ನ ಆರಂಭ ಈ ಪ್ರಕರಣದ ಓದುಗರು ನೋಡಲೇಬೇಕಾದದ್ದು. ಮೊಲ ಕ್ಯಾರೆಟ್ ಜಗಿಯುತ್ತಾ ಟೈಟಲ್ ಕಾರ್ಡಿನ ಮುಂದೆ ಬಂದು ನಿಲ್ಲುತ್ತದೆ, ತನ್ನನ್ನು ರೂಪಿಸಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತದೆ, ಏವರಿಯ ಹೆಸರೂ ಸೇರಿದಂತೆ ಎಲ್ಲವನ್ನೂ ತಪ್ಪುತಪ್ಪಾಗಿ ಉಚ್ಚರಿಸುತ್ತದೆ. ಚಿತ್ರದ ಶೀರ್ಷಿಕೆಯಲ್ಲಿ ತನ್ನ ಸೋಲು ಬರೆದಿರುವುದು ಕಂಡೊಡನೆ ಕೆರಳಿ ಕಾರ್ಡನ್ನೇ ಹರಿದುಹಾಕುತ್ತದೆ. ತಾನು ಆರಿಸದ ಹೆಸರನ್ನು ಹೊತ್ತ ಪಾತ್ರದ ಬಾಯಿಂದ ತನ್ನ ಹೆಸರನ್ನೇ ಕೆಡಿಸಿ ಹೇಳಿಸಿದ ಏವರಿಯ ತುಂಟತನವನ್ನು ಮೆಚ್ಚದಿರುವುದು ಕಷ್ಟ.

ಅದೇ ವರ್ಷದ ಇನ್ನೊಂದು ನಾಮಕರಣ

‘ಎ ವೈಲ್ಡ್ ಹೇರ್’ ಜೊತೆಗೆ ಆ ವರ್ಷ ಆಸ್ಕರ್ ಕಣದಲ್ಲಿದ್ದ ಎಂಜಿಎಂನ ‘ಪಸ್ ಗೆಟ್ಸ್ ದಿ ಬೂಟ್’ ಕೂಡ ಇಂಥದ್ದೇ ಸ್ಥಿತಿಯಲ್ಲಿತ್ತು. ಅದರ ಬೆಕ್ಕು ಮತ್ತು ಇಲಿಯನ್ನು ಇಂದು ನಾವು ಟಾಮ್ ಅಂಡ್ ಜೆರ್ರಿ ಎಂದು ಬಲ್ಲೆವು. ಆದರೆ ಆ ಚಿತ್ರದಲ್ಲಿ ಬೆಕ್ಕಿನ ಹೆಸರು ಜ್ಯಾಸ್ಪರ್. ಎರಡನೆಯ ಚಿತ್ರ ಮಾಡುವ ಹೊತ್ತಿಗೆ ಹೊಸ ಹೆಸರು ಬೇಕೆನಿಸಿ, ಸ್ಟುಡಿಯೊದ ಸಿಬ್ಬಂದಿಯಿಂದಲೇ ಸಲಹೆ ಕೇಳಿದರು. ಜಾನ್ ಕಾರ್ ಎಂಬ ಅನಿಮೇಟರ್ ಕೊಟ್ಟ ಜೋಡಿಹೆಸರು ಗೆದ್ದು ಅವರಿಗೆ 50 ಡಾಲರ್ ಬಹುಮಾನ ಬಂತು. ಎರಡೂ ಸ್ಟುಡಿಯೊಗಳಲ್ಲಿ ಪಾತ್ರ ಮೊದಲು ಗೆದ್ದು ಹೆಸರು ಆಮೇಲೆ ಬಂದದ್ದು ಕಾಕತಾಳೀಯವಲ್ಲ. ಬಿಡಿ ಚಿತ್ರಕ್ಕೆ ಹೆಸರಿನ ಹಂಗಿಲ್ಲ. ಸರಣಿಗೆ, ಪೋಸ್ಟರಿಗೆ ಹೆಸರಿಲ್ಲದೆ ನಡೆಯುವುದಿಲ್ಲ. ವ್ಯತ್ಯಾಸವಿರುವುದು ದಾಖಲೆಯಲ್ಲಿ. ಎಂಜಿಎಂನಲ್ಲಿ ಹೆಸರು ಕೊಟ್ಟವರು ಯಾರು, ಅವರಿಗೆ ಸಿಕ್ಕಿದ್ದೆಷ್ಟು ಎಂಬುದು ಸ್ಪಷ್ಟ. ಶ್ಲೆಸಿಂಗರ್ ಸ್ಟುಡಿಯೊದಲ್ಲಿ ಹೆಸರು ಕೊಟ್ಟೆನೆಂದು ಯಾರೂ ತಿಳಿದು ಕೊಡಲಿಲ್ಲ, ಆದ್ದರಿಂದಲೇ ನಂತರ ಹಲವರು ಅದಕ್ಕೆ ವಾರಸುದಾರರಾದರು.

ನಂತರದ ಹಕ್ಕುದಾರಿಕೆಗಳು

ಮೊಲದ ದನಿಯಾಗಿದ್ದ ಮೆಲ್ ಬ್ಲಾಂಕ್ ನಂತರದ ವರ್ಷಗಳಲ್ಲಿ ಬೇರೆಯ ಕಥೆ ಹೇಳಿದರು. ಪಾತ್ರಕ್ಕೆ ಮೊದಲು ‘ಹ್ಯಾಪಿ ರ್‍ಯಾಬಿಟ್’ ಎಂದು ಹೆಸರಿಡಲು ಹೊರಟಿದ್ದರೆಂದೂ, ಹಾರ್ಡವೇ ಅವರ ಅಡ್ಡಹೆಸರನ್ನೇ ಇಡಬಹುದೆಂದು ತಾವು ಸೂಚಿಸಿದ್ದಾಗಿಯೂ ಅವರ ನಿರೂಪಣೆ. ಕಥೆ ಸೊಗಸಾಗಿದೆ. ಆದರೆ 1938ರಿಂದ 1940ರವರೆಗಿನ ಯಾವ ಮೊಲದ ಚಿತ್ರದ ಟೈಟಲ್‌ನಲ್ಲೂ ‘ಹ್ಯಾಪಿ ರ್‍ಯಾಬಿಟ್’ ಇಲ್ಲ, ‘ಬಗ್ಸ್‌ನ ಬನ್ನಿ’ಯಾದರೋ ಆ ಕಾಲದ ಕಾಗದದ ಮೇಲೆಯೇ ಇದೆ. ದಶಕಗಳ ಬಳಿಕದ ನೆನಪಿಗೂ ಆ ದಿನದ ಕೆಲಸದ ಕಾಗದಕ್ಕೂ ಜಗಳ ಬಿದ್ದರೆ ನಾನು ಕಾಗದದ ಪಕ್ಷ. ಬ್ಲಾಂಕ್ ಸುಳ್ಳು ಹೇಳಿದರೆಂದು ಇದರರ್ಥವಲ್ಲ. ಒಂದು ಹೆಸರನ್ನು ಐವತ್ತು ವರ್ಷ ಬಾಯಲ್ಲಿ ಆಡಿದವರಿಗೆ ಅದು ತಮ್ಮ ಬಾಯಿಂದಲೇ ಹುಟ್ಟಿತೆನಿಸುವುದು ಮನುಷ್ಯಸಹಜ.

1970ರ ದಶಕದಲ್ಲಿ ಜಗಳ ಹೆಸರನ್ನು ದಾಟಿ ಪಾತ್ರಕ್ಕೇ ತಾಗಿತು. ಮತ್ತೊಬ್ಬ ನಿರ್ದೇಶಕ ಬಾಬ್ ಕ್ಲಾಂಪೆಟ್ ತಮ್ಮ ಪಾಲನ್ನು ಹಿಗ್ಗಿಸಿ ಹೇಳಿಕೊಳ್ಳುತ್ತಿದ್ದಾರೆಂದು ಸಿಟ್ಟಾದ ಜೋನ್ಸ್ 1975ರಲ್ಲಿ ಏವರಿಗೆ ಪತ್ರ ಬರೆದು ಆಕ್ಷೇಪಗಳನ್ನು ಸಾಲುಸಾಲಾಗಿ ಪಟ್ಟಿ ಮಾಡಿದರು. 1979ರಲ್ಲಿ ಜೋನ್ಸ್ ಮಾಡಿದ ಸಂಕಲನ ಚಿತ್ರದಲ್ಲಿ ಬಗ್ಸ್ ತನ್ನ ‘ತಂದೆಯರ’ ಹೆಸರುಗಳನ್ನು ಹೇಳುವಾಗ ಕ್ಲಾಂಪೆಟ್ ಹೆಸರು ಬರುವುದೇ ಇಲ್ಲ. ಈ ಹಗ್ಗಜಗ್ಗಾಟದಲ್ಲಿ ಎರಡು ಪ್ರಶ್ನೆಗಳು ಕಲಸಿಹೋದವು. ಪಾತ್ರವನ್ನು ಕಟ್ಟಿದವರಾರು ಎಂಬುದಕ್ಕೆ ಏವರಿ, ಗಿವೆನ್ಸ್, ಬ್ಲಾಂಕ್ ಅವರನ್ನೂ, ಆಮೇಲೆ ವರ್ಷಗಟ್ಟಲೆ ತಿದ್ದಿದ ಇತರರನ್ನೂ ಹೆಸರಿಸಬೇಕಾಗುತ್ತದೆ. ಹೆಸರು ಎಲ್ಲಿಂದ ಬಂತು ಎಂಬುದಕ್ಕೆ ಥಾರ್ಸನ್ ಬರೆದ ಹಾಳೆ ಮತ್ತು ಶ್ಲೆಸಿಂಗರ್ ಹಾಕಿದ ಒಪ್ಪಿಗೆ ಇವೆರಡೇ ಸಾಕು. ಮೊದಲನೆಯ ಪಟ್ಟಿಯಲ್ಲಿ ಹಾರ್ಡವೇ ಅವರಿಗೆ ಸಣ್ಣ ಜಾಗ. ಎರಡನೆಯದರಲ್ಲಿ ಅವರು ಏನನ್ನೂ ಮಾಡದೆಯೇ ಮಧ್ಯದಲ್ಲಿದ್ದಾರೆ.

ಹೆಸರು ತೆರೆಗೆ ಬರುವ ಹೊತ್ತಿಗಾಗಲೇ ಹಾರ್ಡವೇ ಶ್ಲೆಸಿಂಗರ್ ಬಳಿ ಇರಲಿಲ್ಲ. 1940ರಲ್ಲಿ ಅವರು ವಾಲ್ಟರ್ ಲಾಂಟ್ಜ್ ಅವರ ಸ್ಟುಡಿಯೊ ಸೇರಿ ಕಥಾವಿಭಾಗದಲ್ಲಿ ಕೆಲಸ ಮಾಡಿದರು. ಅದೇ ನವೆಂಬರ್‌ನಲ್ಲಿ ಲಾಂಟ್ಜ್ ಸಂಸ್ಥೆಯಿಂದ ಬಂದ ‘ನಾಕ್ ನಾಕ್’ ಚಿತ್ರದಲ್ಲಿ ಒಂದು ಮರಕುಟಿಗ ಮೊದಲ ಬಾರಿ ಕಾಣಿಸಿಕೊಂಡಿತು. ಮುಂದೆ ವುಡಿ ವುಡ್‌ಪೆಕರ್ ಎಂದು ಹೆಸರಾದ ಪಾತ್ರವದು. ಒಂದು ಕಡೆ ನಿಲ್ಲದ ಅದರ ಪುಟಿತ, ಎದುರಿಗೆ ಬಂದವರನ್ನು ಗೋಳಾಡಿಸುವ ಅದರ ಹುಚ್ಚಾಟಗಳೆಲ್ಲ 1938ರ ಬಿಳಿ ಮೊಲದಲ್ಲಿ ಕಂಡವೇ. ಮೊದಲ ಚಿತ್ರಗಳಲ್ಲಿ ಅದಕ್ಕೆ ದನಿ ಕೊಟ್ಟವರೂ ಬ್ಲಾಂಕ್, ನಗುವೂ ಆ ಮೊಲದ ನಗುವೇ. ಹಾರ್ಡವೇ ಅವರ ಮೊಲದ ಸ್ವಭಾವ ಅವರ ಬೆನ್ನಹಿಂದೆಯೇ ಹೋಗಿ ಹಕ್ಕಿಯ ಪಾಲಾಯಿತು, ಅವರ ಅಡ್ಡಹೆಸರು ಮಾತ್ರ ಶ್ಲೆಸಿಂಗರ್ ಬಳಿ ಉಳಿಯಿತು.